ತಾಪಮಾನ ಸರಿಯಾಗೇ ಇತ್ತು, ಹಾಳಾಗಿದ್ದು ಫೈಲುಗಳು

ಹಳೇ ಡೆಸ್ಕ್‌ಟಾಪಿಗೆ ದೊಡ್ಡ ಏರ್ ಕೂಲರ್ ಹಾಕಿ, ಮದರ್‌ಬೋರ್ಡ್ ಜೊತೆ ಬಂದ ಸಾಫ್ಟ್‌ವೇರಿನ ‘ಆಟೊ ಓವರ್‌ಕ್ಲಾಕ್’ (ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಜೋರಾಗಿ ಓಡಿಸುವ) ಬಟನ್ ಒತ್ತೋಣ ಅಂದುಕೊಂಡಿದ್ದರೆ, ದಯವಿಟ್ಟು ಒತ್ತಬೇಡಿ. ಓವರ್‌ಕ್ಲಾಕ್ ಮಾಡಲೇಬೇಡಿ ಅಂತ ನಾನು ಹೇಳುತ್ತಿಲ್ಲ, ಆ ಬಟನ್ ಮುಟ್ಟಬೇಡಿ ಅಂತಷ್ಟೇ. ಬೋರ್ಡ್ ಯಾವ ಕಂಪನಿಯದು ಅನ್ನುವುದು ಇಲ್ಲಿ ಬೇಡ. ಆ ಕಾಲದಲ್ಲಿ ಒಂದಲ್ಲ ಒಂದು ಹೆಸರಿನಲ್ಲಿ ಇಂಥ ಬಟನ್ ಹಲವು ಬೋರ್ಡುಗಳಲ್ಲಿತ್ತು.

ನನ್ನ ಪ್ರೊಸೆಸರ್ ಇಂಟೆಲ್ ಕೋರ್ ಐ5-2500ಕೆ. 2011ರ ಜನವರಿಯಲ್ಲಿ ಬಂದ ಸ್ಯಾಂಡಿ ಬ್ರಿಡ್ಜ್ ಪೀಳಿಗೆಯ ಚಿಪ್. ಮೂಲ ವೇಗ 3.3 ಗಿಗಾಹರ್ಟ್ಸ್, ನಾಲ್ಕೂ ಕೋರ್ ದುಡಿಯುವಾಗ 3.4. ಮಲ್ಟಿಪ್ಲೈಯರ್‌ಗೆ, ಅಂದರೆ ಬೇಸ್ ಕ್ಲಾಕ್ ಎಂಬ ಮೂಲ ಗಡಿಯಾರದ ಎಷ್ಟು ಪಟ್ಟು ವೇಗದಲ್ಲಿ ಓಡಬೇಕು ಅನ್ನುವ ಸಂಖ್ಯೆಗೆ, ಬೀಗವಿಲ್ಲ. ಜೊತೆಗೆ ಒಳಗಿನ ಸಿಲಿಕಾನ್ ತುಣುಕಿಗೂ (ಡೈ) ಮೇಲಿನ ಲೋಹದ ಮುಚ್ಚಳಕ್ಕೂ ಬೆಸುಗೆ ಹಾಕಿರುವುದರಿಂದ ಬಿಸಿ ಸಲೀಸಾಗಿ ಹೊರಗೆ ಬರುತ್ತದೆ. ಮರುವರ್ಷ ಬಂದ 3570ಕೆಯಲ್ಲಿ ಆ ಬೆಸುಗೆಯ ಜಾಗಕ್ಕೆ ಪೇಸ್ಟ್ ಬಂತು. ಅದಕ್ಕೆ ಕೂಲರ್ ಎಷ್ಟೇ ಒಳ್ಳೆಯದಿದ್ದರೂ ವೋಲ್ಟೇಜ್ ಏರಿಸಿದ ಕೂಡಲೇ ಕಾವು ಜಿಗಿಯುತ್ತದೆ. ಈ ಲೆಕ್ಕದಲ್ಲಿ 2500ಕೆ ಓವರ್‌ಕ್ಲಾಕ್‌ಗೆ ಹೇಳಿ ಮಾಡಿಸಿದ ಚಿಪ್ಪೇ. ತಕರಾರು ಇರುವುದು ಅದನ್ನು ಆ ಸಾಫ್ಟ್‌ವೇರ್ ನಡೆಸಿಕೊಂಡ ರೀತಿಯ ಬಗ್ಗೆ.

ಬಟನ್ ಒತ್ತಿದ ಮೇಲೆ ಅದು ತಾನೇ ರೀಸ್ಟಾರ್ಟ್ ಮಾಡಿಕೊಂಡು, ಸ್ವಲ್ಪ ಹೊತ್ತು ಏನೋ ಪರೀಕ್ಷೆ ನಡೆಸಿ, 4.6 ಗಿಗಾಹರ್ಟ್ಸ್‌ನಲ್ಲಿ ಸಿಸ್ಟಮ್ ಸ್ಥಿರವಾಗಿದೆ ಅಂತ ಹಸಿರು ಬಣ್ಣದಲ್ಲಿ ಘೋಷಿಸಿತು. ಪೂರ್ತಿ ಲೋಡಿನಲ್ಲೂ ಕೋರ್ ತಾಪಮಾನ ಎಪ್ಪತ್ತರ ಆಸುಪಾಸಿನಲ್ಲೇ ಇತ್ತು. ಈ ಚಿಪ್ ತನ್ನನ್ನು ತಾನೇ ನಿಧಾನ ಮಾಡಿಕೊಳ್ಳುವ ಮಿತಿ 98 ಡಿಗ್ರಿ. ಅಂದಮೇಲೆ ಭಯ ಯಾತಕ್ಕೆ?

ಸ್ವಲ್ಪ ಕಾಲ ಏನೂ ಆಗಲಿಲ್ಲ. ಆಮೇಲೆ ದೊಡ್ಡ ವಿಡಿಯೊ ಕನ್ವರ್ಟ್ ಮಾಡುವಾಗ ನಡುನಡುವೆ ವೇಗ ಬಿದ್ದುಹೋಗಲು ಶುರುವಾಯಿತು. ಒಮ್ಮೆಲೇ ತೆವಳುತ್ತಿತ್ತು, ಸ್ವಲ್ಪ ಹೊತ್ತಿಗೆ ತಾನಾಗೇ ಸರಿಹೋಗುತ್ತಿತ್ತು. ಜಿಪ್ ಮಾಡಿಟ್ಟ ಫೈಲುಗಳು ಬಿಚ್ಚುವಾಗ ಸಿಆರ್‌ಸಿ ದೋಷ, ಅಂದರೆ ಒಳಗಿನ ಮಾಹಿತಿ ಕೆಟ್ಟಿದೆ, ಅಂದವು. ಹೊಸದಾಗಿ ಕಾಪಿ ಮಾಡಿದ್ದ ಫೋಟೊಗಳಲ್ಲಿ ಕೆಲವು ಅರ್ಧದಿಂದ ಕೆಳಗೆ ಬೂದು ಬಣ್ಣ. ಇಷ್ಟೆಲ್ಲ ಆದರೂ ನೀಲಿ ಪರದೆ ಒಂದು ಸಲವೂ ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು, ಅವತ್ತೇ ಗೊತ್ತಾಗುತ್ತಿತ್ತು. ಬ್ಯಾಕಪ್ ಸಾಫ್ಟ್‌ವೇರ್ ಬೇರೆ ಕೆಟ್ಟ ಫೈಲುಗಳನ್ನೇ ಬಲು ನಿಷ್ಠೆಯಿಂದ ಹಳೆಯ ಒಳ್ಳೆಯ ಪ್ರತಿಗಳ ಮೇಲೆ ಬರೆಯುತ್ತ ಬಂದಿತ್ತು. ಹೋದ ಫೋಟೊಗಳು ಹೋದವು.

ವಿಂಡೋಸ್ ತನ್ನೊಳಗೆ ಆದದ್ದನ್ನೆಲ್ಲ ದಾಖಲಿಸಿ ತೋರಿಸುವ ಈವೆಂಟ್ ವ್ಯೂವರ್ ತೆಗೆದು ನೋಡಿದಾಗ ಡಬ್ಲ್ಯುಎಚ್‌ಇಎ-ಲಾಗರ್ ಹೆಸರಿನಲ್ಲಿ, ಸಂಖ್ಯೆ 19ರ ಹಳದಿ ಎಚ್ಚರಿಕೆಗಳು ಸಾಲಾಗಿ ಬಿದ್ದಿದ್ದವು. ಹಾರ್ಡ್‌ವೇರಿನಲ್ಲಿ ತಪ್ಪಾಗಿದೆ, ಸರಿಪಡಿಸಿಕೊಳ್ಳಲಾಗಿದೆ ಅನ್ನುವುದು ಅದರ ಅರ್ಥ. ಮೊದಲನೆಯದರ ತಾರೀಕು ಆಟೊ ಓವರ್‌ಕ್ಲಾಕ್ ಮಾಡಿದ ದಿನದ್ದೇ. ಅಲ್ಲಿಗೆ ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗುಗಳಿಗೆ) ಹೋಗಿ ಆ ಸಾಫ್ಟ್‌ವೇರ್ ಏನೇನು ಬದಲಿಸಿದೆ ಅಂತ ಒಂದೊಂದಾಗಿ ನೋಡಿದೆ.

ಮಲ್ಟಿಪ್ಲೈಯರನ್ನು 45ಕ್ಕೆ ಏರಿಸಿತ್ತು, ಅದು ಇರಲಿ. ಬೇಸ್ ಕ್ಲಾಕನ್ನೂ 100ರಿಂದ 103 ಮೆಗಾಹರ್ಟ್ಸ್‌ಗೆ ಒಯ್ದಿತ್ತು. ಬರೀ ಮೂರು ಅನ್ನಿಸಬಹುದು. ಆದರೆ ಸ್ಯಾಂಡಿ ಬ್ರಿಡ್ಜ್‌ನಲ್ಲಿ ಈ ಒಂದೇ ಕ್ಲಾಕಿಗೆ ಪಿಸಿಐ ಎಕ್ಸ್‌ಪ್ರೆಸ್, ಡಿಸ್ಕಿನ ಸಾಟಾ ಸಂಪರ್ಕ, ಮೆಮೊರಿ ಎಲ್ಲ ಕಟ್ಟುಬಿದ್ದಿವೆ. 1600ರ ಮೆಮೊರಿ ನನಗೆ ತಿಳಿಯದಂತೆಯೇ 1648ರಲ್ಲಿ ಓಡುತ್ತಿತ್ತು. ಅದಕ್ಕಿಂತ ಹಳೆಯ ಪೀಳಿಗೆಗಳಲ್ಲಿ ಬೇಸ್ ಕ್ಲಾಕ್ ಏರಿಸಿಯೇ ಓವರ್‌ಕ್ಲಾಕ್ ಮಾಡುತ್ತಿದ್ದದ್ದು. ಆ ಅಭ್ಯಾಸವನ್ನು ಇಲ್ಲಿಗೆ ತರಬಾರದು. 100ಕ್ಕೆ ಇಳಿಸಿದ ಮೇಲೆ ಜಿಪ್‌ಗಳು ಕೆಡುವುದು ನಿಂತಿತು.

ಆದರೂ ಪ್ರೊಸೆಸರಿಗೆ ಭಾರೀ ಲೆಕ್ಕ ಕೊಟ್ಟು ಪರೀಕ್ಷಿಸುವ ಪ್ರೈಮ್95 ಓಡಿಸಿದರೆ, ಲೆಕ್ಕ ಮಾಡುವ ಅದರ ಒಂದು ವರ್ಕರ್ ನಿಂತುಹೋಗುತ್ತಿತ್ತು: ರೌಂಡಿಂಗ್ 0.5 ಬಂದಿದೆ, 0.4ಕ್ಕಿಂತ ಕಡಿಮೆ ಇರಬೇಕಿತ್ತು ಎಂಬ ಸಂದೇಶ. ಅಂದರೆ ಪ್ರೊಸೆಸರ್ ಲೆಕ್ಕವನ್ನೇ ತಪ್ಪು ಮಾಡುತ್ತಿದೆ. ವೋಲ್ಟೇಜ್ ಸಾಲದೆ ಹೀಗಾಗುತ್ತದೆ ಅಂತ ಯಾರಾದರೂ ಹೇಳುತ್ತಾರೆ. ಪ್ರೊಸೆಸರಿನ ವೇಗ, ವೋಲ್ಟೇಜ್ ತೋರಿಸುವ ಸಿಪಿಯು-ಝಡ್‌ನಲ್ಲಿ ನೋಡಿದರೆ ಲೋಡಿನಲ್ಲಿ 1.44 ವೋಲ್ಟ್! ಡಿಫಾಲ್ಟಿನಲ್ಲಿ ಇದೇ ಚಿಪ್ 1.20ರಲ್ಲಿ ಓಡುತ್ತಿತ್ತು. ಚಿಪ್ ತಿನ್ನುವ ವಿದ್ಯುತ್ತು ಸ್ಥೂಲವಾಗಿ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ತಕ್ಕಂತೆ ಏರುತ್ತದೆ. 1.20ರಿಂದ 1.44 ಅಂದರೆ 1.2 ಪಟ್ಟು, ವರ್ಗ ಮಾಡಿದರೆ 1.44 ಪಟ್ಟು, ವೇಗ 3.4ರಿಂದ 4.63, ಅದು 1.36 ಪಟ್ಟು. ಎರಡನ್ನೂ ಗುಣಿಸಿ ನೋಡಿ, ಹೆಚ್ಚುಕಮ್ಮಿ ದುಪ್ಪಟ್ಟು.

ಆ ದುಪ್ಪಟ್ಟು ವಿದ್ಯುತ್ತು ಪ್ರೊಸೆಸರಿಗೆ ಬರುವುದು ಸಾಕೆಟ್ ಸುತ್ತ ಇರುವ ವಿಆರ್‌ಎಂ ಮೂಲಕ, ಅಂದರೆ 12 ವೋಲ್ಟನ್ನು ಒಂದು ಚಿಲ್ಲರೆ ವೋಲ್ಟಿಗೆ ಇಳಿಸುವ ಭಾಗಗಳ ಮೂಲಕ. ನಾನು ಎಲ್ಲರಿಗೂ ಒತ್ತಿ ಹೇಳಬೇಕಾದದ್ದು ಇದನ್ನೇ. ಚಿಪ್ ಜೊತೆ ಬರುವ ಸಣ್ಣ ಕೂಲರ್ ಗಾಳಿಯನ್ನು ಬೋರ್ಡಿನ ಮೇಲೆ ನೇರ ಊದುತ್ತದೆ. ಪಕ್ಕದ ವಿಆರ್‌ಎಂಗೂ ಪುಕ್ಕಟೆ ಗಾಳಿ. ನಾನು ಹಾಕಿದಂಥ ದೊಡ್ಡ ಟವರ್ ಕೂಲರ್ ಹಾಗಲ್ಲ, ಅದರ ಗಾಳಿ ಬೋರ್ಡಿಗೆ ಸಮಾನಾಂತರವಾಗಿ, ಅದನ್ನು ಮುಟ್ಟದೆ ಮೇಲಿನಿಂದಲೇ ಹಾದುಹೋಗುತ್ತದೆ. ಕೂಲರ್ ದೊಡ್ಡದಾಯಿತು, ಪ್ರೊಸೆಸರ್ ತಣ್ಣಗಾಯಿತು, ವಿಆರ್‌ಎಂ ಮಾತ್ರ ಮೊದಲಿಗಿಂತ ಹೆಚ್ಚು ಬೆಂದಿತು. ನನ್ನ ಬೋರ್ಡಿನಲ್ಲಿ ಅದರ ಒಂದು ಸಾಲಿಗೆ ಹೀಟ್‌ಸಿಂಕೇ ಇಲ್ಲ. ಕೋರ್ ತಾಪಮಾನ ತೋರಿಸುವ ಸಾಫ್ಟ್‌ವೇರಿಗೆ ಇದು ಕಾಣುವುದೂ ಇಲ್ಲ. ವಿಆರ್‌ಎಂ ಅತಿಯಾಗಿ ಕಾದಾಗ ಬೋರ್ಡ್ ಪ್ರೊಸೆಸರನ್ನು 1.6 ಗಿಗಾಹರ್ಟ್ಸ್‌ಗೆ ಇಳಿಸುತ್ತಿತ್ತು. ವಿಡಿಯೊ ತೆವಳುತ್ತಿದ್ದದ್ದು ಅದಕ್ಕೆ. ಆಗ ಕೋರ್‌ಗಳು ಇನ್ನಷ್ಟು ತಂಪಾಗಿ ಕಾಣುತ್ತಿದ್ದವು ಬೇರೆ!

ಇನ್ನು ಲೋಡ್‌ಲೈನ್ ಕ್ಯಾಲಿಬ್ರೇಶನ್. ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯದಂತೆ ಹಿಡಿಯುವ ಈ ಸೆಟ್ಟಿಂಗನ್ನು ಸಾಫ್ಟ್‌ವೇರ್ ತುತ್ತತುದಿಗೆ ಇಟ್ಟಿತ್ತು. ಹಾಗಿಟ್ಟರೆ ಲೋಡ್ ಇಳಿಯುವ ಕ್ಷಣದಲ್ಲಿ ವೋಲ್ಟೇಜ್ ಮೇಲಕ್ಕೆ ಚಿಮ್ಮುತ್ತದೆ, ಅದೂ ಯಾವ ಸಾಫ್ಟ್‌ವೇರಿನ ಕಣ್ಣಿಗೂ ಬೀಳದಷ್ಟು ಬೇಗ. ಹೆಚ್ಚು ವೋಲ್ಟೇಜು, ಹೆಚ್ಚು ಕಾವು ಎರಡೂ ಸೇರಿದರೆ ಚಿಪ್ಪಿನೊಳಗಿನ ತೆಳು ತಂತಿಗಳು ಸವೆಯುತ್ತವೆ.

ಈಗ ನಾನು ಓಡಿಸುತ್ತಿರುವುದು 4.2ರಲ್ಲಿ, ಎಲ್ಲವನ್ನೂ ಬಯಾಸ್‌ನಲ್ಲೇ ಕೈಯಾರೆ ಕೊಟ್ಟು. ಬೇಸ್ ಕ್ಲಾಕ್ 100, ಮಲ್ಟಿಪ್ಲೈಯರ್ 42, ವೋಲ್ಟೇಜ್ ‘ಆಟೊ’ ಅಲ್ಲದೆ ನಿಗದಿಯಾಗಿ 1.28, ಲೋಡ್‌ಲೈನ್ ನಡು ಹಂತದಲ್ಲಿ. ಏರ್ ಕೂಲಿಂಗಿನಲ್ಲಿ ಈ ಚಿಪ್ಪಿಗೆ 1.35 ದಾಟಬಾರದು, ಲೋಡಿನಲ್ಲಿ 80 ಡಿಗ್ರಿ ಮೀರಬಾರದು ಅನ್ನುವುದು ನನ್ನ ಗೆರೆ. ಕೋಣೆಯ ಬಿಸಿ ಹತ್ತು ಡಿಗ್ರಿ ಏರಿದರೆ ಚಿಪ್ಪೂ ಸುಮಾರು ಅಷ್ಟೇ ಏರುತ್ತದೆ, ಹಾಗಾಗಿ ಚಳಿಯಲ್ಲಿ ಮಾಡಿದ ಪರೀಕ್ಷೆಯನ್ನು ಸೆಕೆಯಲ್ಲಿ ನಂಬಬೇಡಿ. ವಿಆರ್‌ಎಂ ಕಡೆ ಮುಖ ಮಾಡಿ ಒಂದು ಸಣ್ಣ ಫ್ಯಾನ್ ಕಟ್ಟಿದ್ದೇನೆ. ನೋಡಲು ಚೆಂದವಿಲ್ಲ, ವೇಗ ಬೀಳುವುದು ಮಾತ್ರ ಪೂರ್ತಿ ನಿಂತಿದೆ. ಮಲ್ಟಿಪ್ಲೈಯರ್ ಮುಟ್ಟುವ ಮೊದಲೇ ಡಿಫಾಲ್ಟಿನಲ್ಲಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸಿಬಿಡಿ, ಇಲ್ಲದಿದ್ದರೆ ಮೆಮೊರಿಯ ತಪ್ಪು ಪ್ರೊಸೆಸರಿನ ತಲೆಗೆ ಬರುತ್ತದೆ. ಒಂದೊಂದೇ ಮೆಟ್ಟಿಲು ಏರಿಸಿ, ರಾತ್ರಿಯಿಡೀ ಪ್ರೈಮ್95ರ ಬ್ಲೆಂಡ್ ಪರೀಕ್ಷೆ ಓಡಿಸಿ, ಬೆಳಗ್ಗೆ ಈವೆಂಟ್ ವ್ಯೂವರಿನಲ್ಲಿ ಒಂದೇ ಒಂದು 19 ಕಂಡರೂ ಕೆಳಗಿಳಿಯಿರಿ. ಇಷ್ಟು ಮುಗಿಯುವವರೆಗೆ ಬ್ಯಾಕಪ್ ಡಿಸ್ಕಿನ ಕೇಬಲ್ ಕಿತ್ತಿಟ್ಟಿರಿ.

ಬಟನ್ ಆಗಲೇ ಒತ್ತಿಬಿಟ್ಟಿದ್ದವರು ಮೊದಲು ಆ ಸಾಫ್ಟ್‌ವೇರನ್ನೇ ಅನ್‌ಇನ್‌ಸ್ಟಾಲ್ ಮಾಡಿ, ಆಮೇಲೆ ಬಯಾಸ್ ಡಿಫಾಲ್ಟ್‌ಗೆ ಹೋಗಿ. ತಿರುಗುಮುರುಗು ಮಾಡಿದರೆ ಅದು ವಿಂಡೋಸ್ ಜೊತೆಗೇ ಎದ್ದು ಹಳೇ ಸೆಟ್ಟಿಂಗನ್ನೇ ಮತ್ತೆ ಹಾಕಿಬಿಡುತ್ತದೆ. ನನ್ನ ಬೋರ್ಡಿನಲ್ಲಿ ಆದದ್ದೇ ಹಾಗೆ. ಡಿಫಾಲ್ಟ್ ಹಾಕಿದ ಮೇಲೆ ಸಾಟಾ ಮೋಡ್, ಅಂದರೆ ಬೋರ್ಡ್ ಡಿಸ್ಕಿನ ಜೊತೆ ಮಾತಾಡುವ ಬಗೆ, ಒಂದು ಸಲ ನೋಡಿಕೊಳ್ಳಿ. ಆ ಕಾಲದ ಕೆಲವು ಬೋರ್ಡುಗಳು ಎಎಚ್‌ಸಿಐ ಬಿಟ್ಟು ಹಳೆಯ ಬಗೆಯಾದ ಐಡಿಇಗೆ ಹೋಗಿ ಕೂರುತ್ತವೆ, ಆಗ ವಿಂಡೋಸ್ ಶುರುವಾಗುವಾಗಲೇ ನೀಲಿ ಪರದೆ ಬರುತ್ತದೆ. ಗಾಬರಿಯಾಗಿ ವಿಂಡೋಸ್ ಮತ್ತೆ ಹಾಕಲು ಹೋಗಬೇಡಿ, ಮೋಡನ್ನು ಎಎಚ್‌ಸಿಐಗೆ ವಾಪಸ್ ತಂದರೆ ಸಾಕು.