ಹೃದಯಾಘಾತದ ನಂತರದ ಪುನಶ್ಚೇತನ ತರಬೇತಿ: 12 ವಾರಗಳ ಅನುಭವ

ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡ ಮೇಲೆ ನಾನು ಸೇರಿದ 12 ವಾರಗಳ ಹೃದಯ ಪುನಶ್ಚೇತನ ತರಬೇತಿಯನ್ನು, ವೈದ್ಯರ ಒಪ್ಪಿಗೆ ಇರುವ ಎಲ್ಲರಿಗೂ ಮನಸಾರೆ ಶಿಫಾರಸು ಮಾಡುತ್ತೇನೆ. ಸತ್ತ ಹೃದಯಸ್ನಾಯುವಿನ ಜಾಗದಲ್ಲಿ ಗಾಯದ ಕಲೆಯಂಥ ಅಂಗಾಂಶ ಬೆಳೆಯುತ್ತದೆ, ವಯಸ್ಕರಲ್ಲಿ ಸ್ನಾಯುಕೋಶಗಳು ವರ್ಷಕ್ಕೆ ಹೆಚ್ಚೆಂದರೆ ಶೇ. 1ರಷ್ಟು ಹೊಸದಾಗುತ್ತವೆ, ಆದ್ದರಿಂದ ಉಳಿದಿರುವ ಸ್ನಾಯುವನ್ನು ಕಾಪಾಡಿಕೊಳ್ಳುವುದೇ ನಮ್ಮ ಕೈಯಲ್ಲಿರುವ ಕೆಲಸ ಎಂದು ಫಿಸಿಯೋಥೆರಪಿಸ್ಟ್ ಮೊದಲ ದಿನವೇ ನನ್ನ ಎಕೋ (ಹೃದಯದ ಅಲ್ಟ್ರಾಸೌಂಡ್) ಚಿತ್ರದಲ್ಲಿ ಸರಿಯಾಗಿ ಸಂಕುಚಿಸದ ಹೃದಯದ ಗೋಡೆಯನ್ನು ಬೆರಳಿಟ್ಟು ತೋರಿಸಿ ವಿವರಿಸಿದರು. ಅದನ್ನು ಕಂಡ ಮೇಲೆ ಒಂದು ದಿನವನ್ನೂ ತಪ್ಪಿಸಲು ಮನಸ್ಸಾಗಲಿಲ್ಲ.

ಟ್ರೆಡ್‌ಮಿಲ್ ಮೇಲೆ ನಡೆಯುವಾಗ ಎದೆಗೆ ಅಂಟಿಸಿದ ಇಸಿಜಿ ತಂತಿಗಳ ಮೂಲಕ ಬಡಿತವನ್ನು ಗಮನಿಸುತ್ತ, ಶ್ರಮವನ್ನು 6ರಿಂದ (ಏನೂ ಶ್ರಮವಿಲ್ಲ) 20ರವರೆಗಿನ (ಗರಿಷ್ಠ ಶ್ರಮ) ಅಂಕದಲ್ಲಿ ಹೇಳುವ ಬೋರ್ಗ್ ಪಟ್ಟಿಯನ್ನು ಮುಂದೆ ಹಿಡಿದು ಆಯಾಸ ಎಷ್ಟೆಂದು ಆಗಾಗ ಕೇಳುತ್ತಿದ್ದರು. ನಾನು 16 ಎಂದ ದಿನ, ಇನ್ನೂ ನಡೆಯಬಲ್ಲೆನೆಂದರೂ ಕೇಳದೆ ವೇಗ ತಗ್ಗಿಸಿದರು. ಆ ಎಚ್ಚರವೇ ನನಗೆ ಧೈರ್ಯ ಕೊಟ್ಟಿತು.

ಔಷಧಗಳ ಪಾಠ ಮಾತ್ರ ತೀರಾ ಅವಸರದ್ದು. ಬೀಟಾ ಬ್ಲಾಕರ್ ಸೇವಿಸುವವರ ನಾಡಿ ನಿಧಾನವಾಗುವುದರಿಂದ ನಾಡಿಬಡಿತವೊಂದನ್ನೇ ನಂಬಿ ಶ್ರಮವನ್ನು ಅಳೆಯಬಾರದು ಎಂಬ ಮುಖ್ಯ ಸಂಗತಿಯನ್ನು ನಾನಾಗಿಯೇ ಕೇಳಿ ತಿಳಿದುಕೊಳ್ಳಬೇಕಾಯಿತು. ಮನೆಯವರನ್ನೂ ಕೂರಿಸಿಕೊಂಡು ಈ ಪಾಠವನ್ನು ಇನ್ನೊಂದು ದಿನ ವಿಸ್ತರಿಸಬೇಕೆಂದು ಸಂಸ್ಥೆಗೆ ಬರೆದು ಕೊಟ್ಟಿದ್ದೇನೆ.