ಎರಡು ಹೊಳೆದಾಸವಾಳ, ಎರಡು ಬಗೆಯ ಆರೈಕೆ

ಮೈಸೂರಿನ ನಮ್ಮ ಮನೆಯ ಮುಂದೆ ಒಂದೇ ದಿನ ನೆಟ್ಟ ಎರಡು ಹೊಳೆದಾಸವಾಳದ ಮರಗಳಿದ್ದವು. ಐದು ವರ್ಷಕ್ಕೆ ಕಾಂಡ ಮೂರು ಅಂಗುಲ ದಪ್ಪವಾಗಿ, ಏಪ್ರಿಲ್ ಬಂತೆಂದರೆ ನೇರಳೆ ಗೊಂಚಲು ಹೊತ್ತು ನಿಲ್ಲುತ್ತಿದ್ದವು. ಮನೆಯ ಮುಂಭಾಗವನ್ನು ವಿಸ್ತರಿಸಬೇಕಾಗಿ ಬಂದಾಗ ಕಡಿಸಲು ಮನಸ್ಸು ಒಪ್ಪಲಿಲ್ಲ. ವೃಕ್ಷಾಧಿಕಾರಿಯ ಅನುಮತಿ ಪಡೆದು ಹಿತ್ತಲಿಗೆ ಸಾಗಿಸುವುದೆಂದು ತೀರ್ಮಾನಿಸಿದೆವು.

ಕೀಳುವ ಕೆಲಸ ಎರಡಕ್ಕೂ ಒಂದೇ ರೀತಿ ನಡೆಯಿತು. ಫೆಬ್ರುವರಿಯಲ್ಲೇ ಸುತ್ತ ಅರ್ಧ ವೃತ್ತದಷ್ಟು ಕಾಲುವೆ ತೋಡಿ ಬೇರು ಕತ್ತರಿಸಿ, ಮತ್ತೆ ಮಣ್ಣು ಮುಚ್ಚಿದ್ದೆವು. ಕತ್ತರಿಸಿದ ತುದಿಗಳಲ್ಲಿ ಹೊಸ ಬೇರು ಒಡೆಯಲೆಂದು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಎರಡೂವರೆ ಅಡಿ ಅಗಲದ ಮಣ್ಣಿನ ಗಡ್ಡೆಯ ಸಮೇತ ಎತ್ತಿ, ಗೋಣಿಯಲ್ಲಿ ಬಿಗಿದು, ಆರು ಜನ ಹಲಗೆಯ ಮೇಲೆ ಎಳೆದು ತಂದರು. ಜಗಳ ಶುರುವಾದದ್ದು ಆಮೇಲೆ.

ತೋಟದ ಮೇಸ್ತ್ರಿ ಕೊಂಬೆಗಳನ್ನೆಲ್ಲ ಕಡಿದು ಮೋಟು ಮಾಡಬೇಕೆಂದರು. "ಅಮ್ಮಾ, ಅರ್ಧಕ್ಕಿಂತ ಹೆಚ್ಚು ಬೇರು ಹೋಗಿದೆ. ಇಷ್ಟು ಎಲೆಗೆ ನೀರನ್ನು ಎಲ್ಲಿಂದ ತರುತ್ತದೆ?" ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ನೆರಳಿನ ಮರಗಳ ನಡುವೆ ಬದುಕು ಕಳೆದ ನನ್ನ ಅಣ್ಣ ಒಪ್ಪಲಿಲ್ಲ. "ಎಲೆಯನ್ನೆಲ್ಲ ಕಡಿದರೆ ಬೇರಿಗೆ ಊಟ ಹಾಕುವವರು ಯಾರಮ್ಮ?" ಇಬ್ಬರ ಮಾತಿನಲ್ಲೂ ಹುರುಳಿತ್ತು. ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಮರ ಒಪ್ಪಿಸಿದೆ.

ಮೇಸ್ತ್ರಿಯ ಮರಕ್ಕೆ ನಾಲ್ಕು ಅಡಿ ಆಳದ ಗುಂಡಿ ತೋಡಿ, ಮಣ್ಣಿಗೆ ಅರ್ಧದಷ್ಟು ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿದರು. ನಾಲ್ಕು ಕಡೆ ಗೂಟ ನೆಟ್ಟು ಬಿಗಿಯಾಗಿ ಕಟ್ಟಿ, ಬೆಳಿಗ್ಗೆ ಸಂಜೆ ನೀರು ಹಾಕಲು ಹೇಳಿದರು. ಅಣ್ಣನ ಮರದಲ್ಲಿ ಮುರಿದ ಮತ್ತು ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ಮಾತ್ರ ತೆಗೆದೆವು. ಗುಂಡಿಯ ಆಳ ಗಡ್ಡೆಯಷ್ಟೇ, ಅಗಲ ಅದರ ಎರಡರಷ್ಟು. ತೋಡಿದ ಕೆಂಪು ಮಣ್ಣನ್ನೇ ಮರಳಿ ತುಂಬಿದೆವು. ಮೇಲೆ ಮೂರು ಅಂಗುಲ ತರಗೆಲೆ ಹೊದಿಸಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟೆವು. ಮಳೆ ಬಾರದಿದ್ದರೆ ಮೂರು ದಿನಕ್ಕೊಮ್ಮೆ ನಾಲ್ಕು ಬಿಂದಿಗೆ ನೀರು, ನಿಧಾನವಾಗಿ, ಗಡ್ಡೆಯ ಮೇಲೆಯೇ. ಹೊಸ ಬೇರು ಹೊರಗೆ ಚಾಚುವವರೆಗೆ ಮರ ನೀರು ಕುಡಿಯುವುದು ಆ ಗಡ್ಡೆಯೊಳಗಿನಿಂದ ಮಾತ್ರ. ಪಕ್ಕದ ಮಣ್ಣು ಒದ್ದೆಯಾಗಿ ಗಡ್ಡೆ ಒಣಗಿದ್ದರೂ ಮರ ಬಾಯಾರುತ್ತದೆ.

ಮೊದಲ ತಿಂಗಳು ಮೇಸ್ತ್ರಿಯೇ ಗೆದ್ದರು. ಮೂರನೇ ವಾರಕ್ಕೆ ಮೋಟಿನ ತುಂಬ ಕೆಂಪು ಚಿಗುರು. ಅಣ್ಣನ ಮರ ಮುಕ್ಕಾಲು ಪಾಲು ಎಲೆ ಉದುರಿಸಿ ಒಣಗಿದಂತೆ ನಿಂತಿತ್ತು. ದಿನವೂ ಹೋಗಿ ಉಗುರಿನಿಂದ ರೆಂಬೆಯ ತೊಗಟೆ ಕೆರೆದು ನೋಡುತ್ತಿದ್ದೆ. ಒಳಗೆ ಹಸಿರಿತ್ತು. ಆ ಹಸಿರು ಕಂಡಿದ್ದಕ್ಕೇ ಕೈಕಟ್ಟಿ ಕಾದೆ. ಇಲ್ಲದಿದ್ದರೆ ಗೊಬ್ಬರ ಸುರಿದುಬಿಡುತ್ತಿದ್ದೆ.

ಆಗಸ್ಟ್‌ನಲ್ಲಿ ಆಟ ತಿರುಗಿತು. ಮೇಸ್ತ್ರಿಯ ಮರದ ಚಿಗುರು ಹಳದಿಯಾಗಿ ಜೋತುಬಿತ್ತು. ಹಾರೆ ಇಳಿಸಿ ನೋಡಿದರೆ ಕೆಳಗಿನ ಮಣ್ಣು ಕೊಳೆತ ವಾಸನೆ ಹೊಡೆಯುತ್ತಿತ್ತು. ಗಟ್ಟಿ ಕೆಂಪು ಮಣ್ಣಿನ ನಡುವೆ ಸಡಿಲ ಗೊಬ್ಬರ ಮಣ್ಣಿನ ಗುಂಡಿ ಬಾನಿಯಂತೆ ನೀರು ಹಿಡಿದಿಟ್ಟುಕೊಂಡಿತ್ತು. ಬೇರಿಗೆ ಗಾಳಿಯೇ ಇರಲಿಲ್ಲ. ಗೊಬ್ಬರ ಕರಗುತ್ತ ಮರ ನಾಲ್ಕು ಅಂಗುಲ ಕುಸಿದು, ಬೇರು ಕವಲೊಡೆಯುವ ಬುಡ ಮಣ್ಣಿನಲ್ಲಿ ಹೂತುಹೋಗಿತ್ತು. ಮೊದಲು ಬಂದ ಚಿಗುರೆಲ್ಲ ಕಾಂಡದಲ್ಲಿ ಕೂಡಿಟ್ಟಿದ್ದ ಹಳೆಯ ಆಹಾರದಿಂದ ಬಂದದ್ದು. ಅದು ಮುಗಿಯುವ ವೇಳೆಗೆ ಹೊಸ ಬೇರು ಸಿದ್ಧವಾಗಿರಲಿಲ್ಲ. ನೀರು ನಿಲ್ಲಿಸಿ, ಬುಡ ಬಿಡಿಸಿ, ಇಳಿಜಾರಿನ ಕಡೆ ಕಾಲುವೆ ತೆಗೆದ ಮೇಲೆ ಮರ ಉಳಿಯಿತು.

ಅದೇ ತಿಂಗಳ ಕೊನೆಗೆ ಅಣ್ಣನ ಮರದ ರೆಂಬೆಗಳ ತುದಿಯಲ್ಲಿ ಮೊಗ್ಗೊಡೆಯಿತು. ತುದಿಯ ಎಳೆ ಮೊಗ್ಗು ಮತ್ತು ಎಲೆಗಳಲ್ಲಿ ಹುಟ್ಟುವ ಆಕ್ಸಿನ್ ಎಂಬ ರಸ ಕೆಳಗಿಳಿದು ಬೇರು ಒಡೆಯಲು ಪ್ರೇರಿಸುತ್ತದೆ. ತುದಿಗಳನ್ನೆಲ್ಲ ಕಡಿದರೆ ಹೊಸ ಚಿಗುರು ಬರುವವರೆಗೆ ಆ ಕರೆ ಕುಗ್ಗಿಹೋಗುತ್ತದೆ.

ಆದರೆ ಒಂದು ವಿಷಯದಲ್ಲಿ ಅಣ್ಣ ಸೋತರು. ಗೂಟ ಬೇಡವೆಂದಿದ್ದರು. ಜುಲೈ ಗಾಳಿಗೆ ತುಂಬು ಕೊಂಬೆಯ ಮರ ವಾಲಿ, ಗಡ್ಡೆಯ ಸುತ್ತ ಮಣ್ಣು ಬಿರುಕು ಬಿಟ್ಟಿತು. ಗಡ್ಡೆ ಅಲುಗಿದಷ್ಟೂ ಕೂದಲಿನಂಥ ಹೊಸ ಬೇರು ಹರಿಯುತ್ತದೆ. ಆ ಸಂಜೆ ಮಳೆಯಲ್ಲೇ ಬಂದು ಮರ ನೆಟ್ಟಗೆ ಮಾಡಿದವರು ಮೇಸ್ತ್ರಿ. ಎರಡು ಗೂಟ, ಹಳೆಯ ಸೈಕಲ್ ಟ್ಯೂಬು, ಎಂಟರ ಆಕಾರದಲ್ಲಿ ಸಡಿಲ ಕಟ್ಟು: ಬುಡ ಕದಲಬಾರದು, ತಲೆ ತೂಗಬೇಕು. ತಮ್ಮ ಮರದ ಬಿಗಿ ಹಗ್ಗ ತೊಗಟೆ ಕೊರೆದದ್ದನ್ನು ಕಂಡು ಅದನ್ನೂ ಬಿಚ್ಚಿ ಹೀಗೆಯೇ ಕಟ್ಟಿದರು. ಒಂದು ವರ್ಷದ ನಂತರ ಎರಡೂ ಕಡೆ ಗೂಟ ತೆಗೆದೆವು.

ಮುಂದಿನ ಮೇ ತಿಂಗಳಲ್ಲಿ ಅಣ್ಣನ ಮರ ಐದು ಗೊಂಚಲು ಬಿಟ್ಟಿತು. ಮೇಸ್ತ್ರಿಯ ಮರದಲ್ಲಿ ಹೂವಿಲ್ಲ, ಮೋಟುಗಳಿಂದ ಪೊರಕೆಯಂತೆ ಎದ್ದ ಟಿಸಿಲುಗಳು ಮಾತ್ರ. ಅವುಗಳ ಹಿಡಿತ ದುರ್ಬಲ, ಜೋರು ಗಾಳಿಗೆ ಸೀಳಿ ಬರುತ್ತವೆ.

ಹೊಳೆದಾಸವಾಳವನ್ನು ಇನ್ನೊಮ್ಮೆ ಸಾಗಿಸುವುದಾದರೆ ಅಣ್ಣನ ಗುಂಡಿ, ಅಣ್ಣನ ಕತ್ತರಿ, ಮೇಸ್ತ್ರಿಯ ಸಡಿಲ ಕಟ್ಟು ನನ್ನ ಆಯ್ಕೆ. ಆದರೆ ಮೋಟು ಕಡಿಯುವುದೇ ತಪ್ಪೆಂದು ಹೇಳಲಾರೆ. ಆಲ, ಅರಳಿ, ಅತ್ತಿಗಳು ಮೋಟಿನಿಂದಲೂ ಚೆನ್ನಾಗಿ ಚಿಗುರುತ್ತವೆ. ಮೇಸ್ತ್ರಿ ಕಲಿತದ್ದು ಅವುಗಳ ಮೇಲೆ. ದೇವಕಣಗಿಲೆಯ ಕೊಂಬೆಯನ್ನಂತೂ ಹಾಲು ಒಣಗಲು ಒಂದು ವಾರ ನೆರಳಿನಲ್ಲಿಟ್ಟು ನೆಟ್ಟರೆ ಸಾಕು. ಬೇರಿನ ಗಡ್ಡೆ ಚಿಕ್ಕದಾಗಿದ್ದು, ಬೇಸಿಗೆ ಎದುರಿಗಿದ್ದರೆ ಯಾವ ಮರಕ್ಕಾದರೂ ಸ್ವಲ್ಪ ಕೊಂಬೆ ಹಗುರ ಮಾಡಲೇಬೇಕು. ಚಳಿಗಾಲದಲ್ಲಿ ಹೊಳೆದಾಸವಾಳದ ಎಲೆ ಕೆಂಪಾಗಿ ಉದುರುವುದು ಅದರ ಸ್ವಭಾವ. ಅದನ್ನು ರೋಗವೆಂದು ತಿಳಿದು ನೀರು ಹೆಚ್ಚಿಸಬೇಡಿ.

ಮೇಸ್ತ್ರಿಯ ಮರದ ಟಿಸಿಲುಗಳಲ್ಲಿ ಗಟ್ಟಿಯಾದ ಮೂರನ್ನು ಉಳಿಸಿ ಮಿಕ್ಕವನ್ನು ಈ ವರ್ಷ ತೆಗೆದಿದ್ದೇನೆ. ಎರಡೂ ಮರಗಳ ಪಾತಿಯನ್ನು ಪ್ರತಿ ಮಳೆಗಾಲಕ್ಕೆ ಒಂದು ಅಡಿ ಹೊರಕ್ಕೆ ಹಿಗ್ಗಿಸುತ್ತಿದ್ದೇನೆ, ನೀರನ್ನೂ ಅಲ್ಲಿಗೇ ಹಾಕುತ್ತಿದ್ದೇನೆ. ಬೇರು ಈಗ ಅಲ್ಲಿಯವರೆಗೆ ಬಂದಿದೆ. ಮೊನ್ನೆ ತರಗೆಲೆ ಸರಿಸಿದಾಗ ಬಿಳಿಯ ಎಳೆಗಳು ಕಂಡವು.