ಡೀಪ್ ಪರ್ಪಲ್ ಲೈವ್: 'ಮೇಡ್ ಇನ್ ಜಪಾನ್' ಪಕ್ಕದಲ್ಲಿ ಉಳಿದವನ್ನು ಇಟ್ಟು ಕೇಳಿದಾಗ

ಬ್ರಿಟನ್ನಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ನ ಒಂದೇ ಒಂದು ಲೈವ್ ಆಲ್ಬಮ್ ಕೇಳುತ್ತೇನೆ ಅನ್ನುವವರು 'ಮೇಡ್ ಇನ್ ಜಪಾನ್' ಹಾಕಿ. ಎಲ್ಲರೂ ಹೇಳುವುದು ಅದನ್ನೇ. ಆದರೆ ಯಾಕೆ ಅಂತ ಕೇಳಿದರೆ ಬಹಳ ಜನ 'ಸ್ಮೋಕ್ ಆನ್ ದ ವಾಟರ್' ಹಾಡಿದೆಯಲ್ಲ ಅನ್ನುತ್ತಾರೆ. ನನಗೆ ಅದು ಕಾರಣವೇ ಅಲ್ಲ. ಜಾನ್ ಲಾರ್ಡ್ ಆರ್ಗನ್ನೂ ರಿಚಿ ಬ್ಲ್ಯಾಕ್‌ಮೋರ್ ಗಿಟಾರೂ ಸರಿಸಮವಾಗಿ ಕೇಳಿಸುತ್ತವಲ್ಲ, ಅದು ಕಾರಣ. ಈ ಬ್ಯಾಂಡಿನ ಯಾವ ಲೈವ್ ರೆಕಾರ್ಡಿಂಗ್ ಸಿಕ್ಕರೂ ನಾನು ಮೊದಲು ನೋಡುವುದು ಅದೊಂದನ್ನೇ: ಇವರಿಬ್ಬರು ಒಬ್ಬರ ಮಾತು ಒಬ್ಬರು ಕೇಳಿಸಿಕೊಂಡು ನುಡಿಸುತ್ತಿದ್ದಾರಾ, ಇಲ್ಲವಾ.

ನಮ್ಮ ಮೈಸೂರಿನವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ವಿ.ವಿ. ಮೊಹಲ್ಲಾದ 8ನೇ ಕ್ರಾಸ್ ಗಣೇಶೋತ್ಸವದ ಕಚೇರಿಗಳಲ್ಲಿ ಕೂತು ತನಿ ಆವರ್ತನ ಕೇಳಿದವರಿಗೆ ಗೊತ್ತು, ಮೃದಂಗದವರು ಬಿಟ್ಟಿದ್ದನ್ನು ಘಟದವರು ಹೇಗೆ ಎತ್ತಿಕೊಳ್ಳುತ್ತಾರೆ ಅಂತ. ಆ ಕಿವಿ ಇದ್ದವರಿಗೆ ಈ ಆಲ್ಬಮ್ ತಕ್ಷಣ ಹಿಡಿಸುತ್ತದೆ.

ರೆಕಾರ್ಡ್ ಆಗಿದ್ದು 1972ರ ಆಗಸ್ಟ್‌ನಲ್ಲಿ. 15 ಮತ್ತು 16 ಒಸಾಕಾ, 17 ಟೋಕಿಯೋದ ಬುಡೊಕಾನ್. ಎಂಜಿನಿಯರ್ ಮಾರ್ಟಿನ್ ಬರ್ಚ್. ಎರಡು ಎಲ್‌ಪಿ, ಬರೀ ಏಳು ಹಾಡು. ಹೆಡ್‌ಫೋನ್ ಹಾಕಿಕೊಂಡರೆ ಎಡಗಡೆ ಆರ್ಗನ್, ಬಲಗಡೆ ಗಿಟಾರ್, ಇಬ್ಬರ ನಡುವೆ ನಾವು. ಲಾರ್ಡ್ ತಮ್ಮ ಹ್ಯಾಮಂಡ್ ಆರ್ಗನ್ನನ್ನು ಗಿಟಾರಿನವರು ಬಳಸುವ ಮಾರ್ಷಲ್ ಆಂಪ್ಲಿಫೈಯರ್‌ಗೆ ಜೋಡಿಸಿ ನುಡಿಸುತ್ತಿದ್ದರು. ಅದಕ್ಕೇ ಆ ಗೊರಗೊರ ದನಿ. 'ಲೇಜಿ' ಶುರುವಿನಲ್ಲಿ ಅದು ಚೆನ್ನಾಗಿ ಗೊತ್ತಾಗುತ್ತದೆ. ಒಬ್ಬರೇ ಆರ್ಗನ್ನನ್ನು ಕೆರಳಿಸಿ, ಗುರುಗುಟ್ಟಿಸಿ, ಆಮೇಲೆ ಮೆಲ್ಲಗೆ ಹಾಡಿನ ದಾರಿಗೆ ತರುತ್ತಾರೆ, ಗಿಟಾರ್ ಬರುವ ಹೊತ್ತಿಗೆ ನಾವು ಕುರ್ಚಿಯ ತುದಿಗೆ ಬಂದಿರುತ್ತೇವೆ. 'ಸ್ಟ್ರೇಂಜ್ ಕೈಂಡ್ ಆಫ್ ವುಮನ್'ನಲ್ಲಿ ಬ್ಲ್ಯಾಕ್‌ಮೋರ್ ಗಿಟಾರಿನಲ್ಲಿ ಒಂದು ಸಾಲು ಬಿಡುತ್ತಾರೆ, ಗಾಯಕ ಇಯಾನ್ ಗಿಲನ್ ಅದನ್ನೇ ಗಂಟಲಲ್ಲಿ ಹೇಳುತ್ತಾರೆ. ಅವರು ಇನ್ನೊಂದು ಮೆಟ್ಟಿಲು ಮೇಲೆ ಹೋಗುತ್ತಾರೆ, ಇವರೂ ಹತ್ತುತ್ತಾರೆ. ಕೊನೆಗೆ ಗಿಟಾರ್ ಸುಮ್ಮನಾಗುತ್ತದೆ, ಗಿಲನ್ ಕಿರುಚು ಮಾತ್ರ ಉಳಿಯುತ್ತದೆ. ಎಷ್ಟು ಸಲ ಕೇಳಿದರೂ ಅಲ್ಲಿ ಮೈ ಜುಮ್ ಅನ್ನುತ್ತದೆ.

ಈಗ ಇದರ ಮುಂದೆ ನಿಲ್ಲುವ ಗಟ್ಟಿ ಎದುರಾಳಿ ಅಂದರೆ ಸ್ಟಾಕ್‌ಹೋಮ್. 1970ರ ನವೆಂಬರ್ 12ರಂದು ಸ್ವೀಡನ್ ರೇಡಿಯೋದವರು ರೆಕಾರ್ಡ್ ಮಾಡಿದ್ದು, ಆಲ್ಬಮ್ ಆಗಿ ಹೊರಬಂದಿದ್ದು 1988ರಲ್ಲಿ, 'ಸ್ಕ್ಯಾಂಡಿನೇವಿಯನ್ ನೈಟ್ಸ್' ಹೆಸರಲ್ಲಿ. ಅದೇ ಐದು ಜನ. ಆದರೆ 'ಮೆಷಿನ್ ಹೆಡ್' ಆಲ್ಬಮ್ ಇನ್ನೂ ಹುಟ್ಟಿರಲಿಲ್ಲ, ಹಾಗಾಗಿ 'ಹೈವೇ ಸ್ಟಾರ್' ಇಲ್ಲ, 'ಸ್ಮೋಕ್' ಇಲ್ಲ. ಅದರ ಬದಲು 'ರಿಂಗ್ ದಟ್ ನೆಕ್', 'ಮ್ಯಾಂಡ್ರೇಕ್ ರೂಟ್'. ಒಂದೊಂದೂ ಅರ್ಧ ಗಂಟೆಯ ಹತ್ತಿರ! ಸೌಂಡ್ ಒರಟು. ಕೆಲವು ಕಡೆ ಎಳೆದಾಡುತ್ತಾರೆ ಅಂತಲೂ ಅನ್ನಿಸುತ್ತದೆ. ಆದರೆ ಹಸಿವು ಅಂದರೆ ಇದೇ.

ಎರಡರಲ್ಲೂ ಇರುವ 'ಚೈಲ್ಡ್ ಇನ್ ಟೈಮ್' ಒಂದರ ಹಿಂದೆ ಒಂದು ಹಾಕಿ ನೋಡಿ. ಅದರ ಆರ್ಗನ್ ಎಳೆ 'ಇಟ್ಸ್ ಎ ಬ್ಯೂಟಿಫುಲ್ ಡೇ' ಅನ್ನುವ ಅಮೆರಿಕದ ಬ್ಯಾಂಡಿನ 'ಬಾಂಬೆ ಕಾಲಿಂಗ್' ಹಾಡಿನಿಂದ ಬಂದಿದ್ದು, ಗಿಲನ್ ಅವರೇ ಒಪ್ಪಿಕೊಂಡಿದ್ದಾರೆ. ಸ್ಟಾಕ್‌ಹೋಮ್‌ನಲ್ಲಿ ಹಾಡು ಇನ್ನೂ ಹೊಸದು, ಕೇಳುವವರನ್ನು ಗೆಲ್ಲಲೇಬೇಕು ಅನ್ನುವ ಅವಸರ ಗೊತ್ತಾಗುತ್ತದೆ. ಜಪಾನಿನಲ್ಲಿ ಆ ಅವಸರ ಇಲ್ಲ. ಮೊದಲ ಸಾಲುಗಳನ್ನು ಗಿಲನ್ ಪಿಸುಮಾತಿನ ಹಾಗೆ ಹಾಡುತ್ತಾರೆ, ಇಯಾನ್ ಪೇಸ್ ಡ್ರಮ್ಸ್ ಹೆಚ್ಚುಕಡಿಮೆ ಮುಟ್ಟಿಯೂ ಮುಟ್ಟದ ಹಾಗೆ ಇರುತ್ತದೆ, ಕೂಗು ಬರುವ ತನಕ ಯಾರೂ ಮುಂದೆ ನುಗ್ಗುವುದಿಲ್ಲ. ಇಲ್ಲಿ ನನ್ನ ಓಟು ಜಪಾನಿಗೇ.

ಮಂಡ್ಯದಲ್ಲಿ ರೈಲು ಹತ್ತುವ ನನ್ನ ಗೆಳೆಯನೊಬ್ಬ ಇದ್ದಾನೆ. ಅವನದು 'ಮೇಡ್ ಇನ್ ಯೂರೋಪ್' ಪಾರ್ಟಿ. ಬೆಂಗಳೂರು ಬರುವ ತನಕ ಇದೇ ಜಗಳ. 1975ರ ಏಪ್ರಿಲ್‌ನಲ್ಲಿ ಗ್ರಾಜ್, ಸಾರ್‌ಬ್ರೂಕೆನ್, ಪ್ಯಾರಿಸ್‌ನಲ್ಲಿ ರೆಕಾರ್ಡ್ ಆಗಿದ್ದು. ಆಗ ಗಿಲನ್, ಬಾಸ್ ಗಿಟಾರಿನ ರಾಜರ್ ಗ್ಲೋವರ್ ಇಬ್ಬರೂ ಬಿಟ್ಟು ಹೋಗಿದ್ದರು, ಗಾಯಕ ಡೇವಿಡ್ ಕವರ್‌ಡೇಲ್ ಮತ್ತು ಬಾಸ್ ನುಡಿಸುತ್ತಾ ಹಾಡುವ ಗ್ಲೆನ್ ಹ್ಯೂಸ್ ಬಂದಿದ್ದರು. ಅವನ ವಾದದಲ್ಲಿ ಹುರುಳಿದೆ: 'ಬರ್ನ್'ನಲ್ಲಿ ಎರಡು ದನಿ ಸೇರಿದಾಗ ಬರುವ ಬಲ ಜಪಾನಿನಲ್ಲಿ ಎಲ್ಲೂ ಇಲ್ಲ. 'ಮಿಸ್‌ಟ್ರೀಟೆಡ್'ನಲ್ಲಿ ಬ್ಲ್ಯಾಕ್‌ಮೋರ್ ನುಡಿಸುವ ಒಂದೊಂದು ಸ್ವರವೂ ನೋವು. ಅವರು ಬ್ಯಾಂಡ್ ಬಿಡಲು ಆಗಲೇ ತೀರ್ಮಾನಿಸಿದ್ದರು. ಅದು ಗೊತ್ತಿದ್ದು ಕೇಳಿದರೆ ಇನ್ನೂ ತಟ್ಟುತ್ತದೆ. ಆದರೆ ಲಾರ್ಡ್ ಕಡೆಗೆ ಅವರು ತಿರುಗಿ ನೋಡುವ ಹಾಗೆ ಅನ್ನಿಸುವುದೇ ಇಲ್ಲ. ಎಲ್ಲರೂ ಚೆನ್ನಾಗಿ ನುಡಿಸುತ್ತಾರೆ, ಅವರವರ ಪಾಡಿಗೆ. ನನಗೆ ಇದು ಎರಡನೇ ಸಾಲಿನ ಆಲ್ಬಮ್, ಅವನು ಏನೇ ಹೇಳಲಿ.

1969ರ ಸೆಪ್ಟೆಂಬರ್ 24ರ ರಾಯಲ್ ಆಲ್ಬರ್ಟ್ ಹಾಲ್ ಕಾನ್ಸರ್ಟೋ, ಅಂದರೆ ಬ್ಯಾಂಡೂ ಆರ್ಕೆಸ್ಟ್ರಾವೂ ಸೇರಿ ನುಡಿಸುವ ಕೃತಿ, ಬೇರೆಯೇ ಜಾತಿ. ಬರೆದವರು ಲಾರ್ಡ್, ಜೊತೆಗೆ ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ. ಗೌರವ ಇದೆ, ಆದರೆ ಬ್ಯಾಂಡ್ ಆಗಾಗ ಸರದಿಗೆ ಕಾಯುತ್ತಿರುವ ಹಾಗೆ ಕೇಳಿಸುತ್ತದೆ. ಬಿಬಿಸಿಯ 'ಇನ್ ಕಾನ್ಸರ್ಟ್' ಚೊಕ್ಕವಾಗಿದೆ. 'ನೆವರ್ ಬಿಫೋರ್' ಲೈವ್ ಆಗಿ ಬೇಕು ಅನ್ನುವವರು ಅದನ್ನು ಇಟ್ಟುಕೊಳ್ಳಿ.

ಜನ ಸುಮ್ನೆ ಕಡೆಗಣಿಸುವುದು 'ಲೈವ್ ಅಟ್ ದಿ ಒಲಿಂಪಿಯಾ '96'. ಬ್ಲ್ಯಾಕ್‌ಮೋರ್ ಇಲ್ಲದ ಪರ್ಪಲ್ ಕೇಳಲ್ಲ ಅನ್ನುವವರು ನಮ್ಮಲ್ಲಿ ಜಾಸ್ತಿ. ಅದು ಅನ್ಯಾಯ. ಪ್ಯಾರಿಸ್‌ನ ಆ ರಾತ್ರಿ ಸ್ಟೀವ್ ಮೋರ್ಸ್ ಗಿಟಾರ್ ಹಿಡಿದು ಲಾರ್ಡ್ ಅವರ ಜೊತೆ ನಗುನಗುತ್ತಾ ಮಾತಾಡುತ್ತಾರೆ ಅನ್ನಿಸುತ್ತದೆ. 'ವೆನ್ ಎ ಬ್ಲೈಂಡ್ ಮ್ಯಾನ್ ಕ್ರೈಸ್' ಹಾಡು ಬ್ಲ್ಯಾಕ್‌ಮೋರ್ ಅವರಿಗೆ ಹಿಡಿಸುತ್ತಿರಲಿಲ್ಲ, ಅವರಿದ್ದ ಕಾಲದಲ್ಲಿ ವೇದಿಕೆಗೆ ಬರುತ್ತಲೇ ಇರಲಿಲ್ಲ ಅನ್ನಬಹುದು. ಇಲ್ಲಿ ಅದು ಪೂರ್ತಿ ಸಿಗುತ್ತದೆ. ಗಿಲನ್ ಗಂಟಲಿಗೆ ವಯಸ್ಸಾಗಿದೆ, ನಿಜ. ಆದರೆ ಆ ಹಾಡಿಗೆ ಆ ಗಂಟಲೇ ಸರಿ, ಅಲ್ವಾ?

ನನ್ನ ಸಾಲು ಹೀಗೆ: ಜಪಾನ್, ಸ್ಟಾಕ್‌ಹೋಮ್, ಒಲಿಂಪಿಯಾ, ಆಮೇಲೆ ಯೂರೋಪ್. ಜಪಾನ್ ಪೂರ್ತಿ ಹಿಡಿಸಿದವರು 2014ರಲ್ಲಿ ಬಂದ ಬಾಕ್ಸ್ ಸೆಟ್ ಹುಡುಕಿ, ಅದರಲ್ಲಿ ಮೂರೂ ರಾತ್ರಿಯ ಕಾರ್ಯಕ್ರಮ ಇದೆ. ಮೊದಲು ಮೂರು ರಾತ್ರಿಯ 'ಲೇಜಿ' ಸಾಲಾಗಿ ಹಾಕಿ. ಲಾರ್ಡ್ ಶುರು ಮಾಡುವ ರೀತಿ ಒಂದೊಂದು ರಾತ್ರಿಯೂ ಬೇರೆ.